ಉರುಳುವ ಕಾರಿಗೆ ಉಕ್ಕಿನ ಕಮಾನು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಣ ದಾರಿಗಳಲ್ಲಿ ಸಂಚರಿಸಿದವರಿಗೆ ಅವುಗಳ ಸ್ವರೂಪವನ್ನು ಹೇಳಿಕೊಡಬೇಕಾಗಿಲ್ಲ. ಬಿ.ಸಿ.ರೋಡಿನಿಂದ ಕವಲೊಡೆದ ಹೆದ್ದಾರಿಯು ಬೆಳ್ತಂಗಡಿ, ಉಜಿರೆಗಳನ್ನು ಹಾದು ಚಾರ್ಮಾಡಿ ಘಾಟಿಯನ್ನೇರಿ ಕೊಟ್ಟಿಗೆಹಾರವನ್ನು ಸೇರುತ್ತದೆ. ಗುರುವಾಯನಕೆರೆಯಿಂದ ವೇಣೂರಿನ ಮಾರ್ಗವಾಗಿಯೂ, ಬಂಟ್ವಾಳದಿಂದ ಸಿದ್ಧಕಟ್ಟೆಯ ಮಾರ್ಗವಾಗಿಯೂ ಮೂಡುಬಿದಿರೆಯನ್ನು ತಲಪಬಹುದು. ಎಲ್ಲಿ ನೋಡಿದರೂ ಏರು, ಇಳಿತ, ತಿರುವು. ಒಂದು ಮಗ್ಗುಲಿಗೆ ಕೆಮ್ಮಣ್ಣಿನ ದರೆ, ಇನ್ನೊಂದು ಮಗ್ಗುಲಿಗೆ ಚರಂಡಿ, ಅದರಾಚೆ ಅಡಿಕೆಯ ತೋಟ. ಮಳೆಗಾಲದಲ್ಲಿ ಇವೆಲ್ಲವೂ ಒದ್ದೆಯಾಗಿ ಜಾರುತ್ತವೆ.

ಇಂತಹ ದಾರಿಗಳಲ್ಲಿ ಮಾಡಿಲ್ಲದ ತೆರೆದ ಜೀಪುಗಳು ಇಂದಿಗೂ ಓಡಾಡುತ್ತವೆ. ಅವುಗಳಲ್ಲಿ ಕೆಲವಕ್ಕೆ ಚಾಲಕನ ಬೆನ್ನ ಹಿಂದೆ ಥಳಥಳಿಸುವ ಒಂದು ಕಮಾನು ಇರುವುದನ್ನು ವಾಚಕರು ನೋಡಿರಬಹುದು. ಹಳೆಯ ಕಾಲದ ಓಟದ ಕಾರುಗಳನ್ನು ಹೋಲುವಂತೆ ಹೊಸದಾಗಿ ಕಟ್ಟಿದ ಪ್ರತಿಕೃತಿ ಕಾರುಗಳಲ್ಲಿಯೂ ಇಂತಹುದೇ ಕಮಾನು ಉಂಟು. 1957ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಲೋಟಸ್ ಸೆವೆನ್, 1962ರ ಏಸಿ ಕೋಬ್ರಾ ಮೊದಲಾದ ತೆರೆದ ಕಾರುಗಳ ಮಾದರಿಯನ್ನು ಅನುಸರಿಸಿ ಪ್ರಪಂಚದ ನಾನಾ ಭಾಗಗಳಲ್ಲಿ ಹವ್ಯಾಸಿಗಳು ಇಂತಹ ಪ್ರತಿಕೃತಿಗಳನ್ನು ಕಟ್ಟುತ್ತಾರೆ. ಇವುಗಳ ಮೈ ಬಹುಮಟ್ಟಿಗೆ ಗಾಜುನಾರಿನದು. ಮಾಡು ಇಲ್ಲವೇ ಇಲ್ಲ. ವಾಹನವು ತಲೆಕೆಳಗಾದರೆ ಒಳಗಿರುವವನ ತಲೆಗೂ ನೆಲಕ್ಕೂ ನಡುವೆ ಈ ಕಮಾನೊಂದೇ ಆಸರೆ.

ಇದನ್ನು ರೋಲ್ ಬಾರ್ ಎಂದು ಕರೆಯುವುದು ರೂಢಿ. ನಾವು ಈ ಲೇಖನದಲ್ಲಿ ಇದನ್ನು ರಕ್ಷಾಕಮಾನು ಎನ್ನೋಣ. ನೋಡಲು ಒಂದೇ ತೆರನಾಗಿ ಕಾಣುವ ಎರಡು ಕಮಾನುಗಳಲ್ಲಿ ಒಂದು ಪ್ರಾಣವನ್ನು ಉಳಿಸಬಹುದು, ಮತ್ತೊಂದು ಒದ್ದೆ ಕಾಗದದಂತೆ ಮಡಚಿಕೊಳ್ಳಬಹುದು. ಇವೆರಡರ ಅಂತರವನ್ನು ಕಣ್ಣಿನಿಂದ ಕಾಣುವುದು ಕಷ್ಟ; ಲೆಕ್ಕದಿಂದ ಕಾಣುವುದು ಸುಲಭ. ಪ್ರೌಢಶಾಲೆಯಲ್ಲಿ ಕಲಿತ ಬಲ, ಸನ್ನೆ, ತ್ರಿಕೋನಮಿತಿಗಳೇ ಇದಕ್ಕೆ ಸಾಕು.

ವಾಹನವು ಉರುಳುವುದೇತಕ್ಕೆ?

ತಿರುವಿನಲ್ಲಿ ಓಡುವ ವಾಹನವನ್ನು ವೃತ್ತದ ಕೇಂದ್ರದ ಕಡೆಗೆ ಸೆಳೆಯುವ ಬಲವು ಚಕ್ರಗಳಿಗೂ ರಸ್ತೆಗೂ ನಡುವಣ ಘರ್ಷಣೆಯಿಂದ ಒದಗುತ್ತದೆ. ಈ ಬಲವು ನೆಲಮಟ್ಟದಲ್ಲಿ ವರ್ತಿಸುತ್ತದೆ. ಆದರೆ ವಾಹನದ ಗುರುತ್ವಕೇಂದ್ರವು ನೆಲದಿಂದ ಮೇಲಿರುತ್ತದೆ. ಆದಕಾರಣ ವಾಹನವು ಹೊರಮಗ್ಗುಲಿಗೆ ಮಗುಚಲೆಳಸುತ್ತದೆ. ಇದನ್ನು ತಡೆಯುವುದು ವಾಹನದ ತೂಕ. ಎರಡು ಚಕ್ರಗಳ ನಡುವಣ ಅಗಲದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ವಾಹನದ ಸ್ಥಿರತೆಯ ಅಳತೆಗೋಲು.

ಒಂದು ತೆರೆದ ಜೀಪಿನ ಚಕ್ರಗಳ ನಡುವಣ ಅಗಲ 1.3 ಮೀಟರ್, ಗುರುತ್ವಕೇಂದ್ರದ ಎತ್ತರ 0.65 ಮೀಟರ್ ಎಂದು ಎಣಿಸೋಣ. ಆಗ ಈ ಸಂಖ್ಯೆ 1. ನೆಲಕ್ಕೆ ಒತ್ತಿ ಕುಳಿತ ಓಟದ ಕಾರಿನಲ್ಲಿ ಅಗಲ 1.35 ಮೀಟರ್, ಎತ್ತರ 0.45 ಮೀಟರ್ ಆದರೆ ಸಂಖ್ಯೆ 1.5. ಘಾಟಿಯ ಹೇರ್‌ಪಿನ್ ತಿರುವೊಂದರ ತ್ರಿಜ್ಯ 20 ಮೀಟರ್ ಎಂದಿಟ್ಟುಕೊಂಡರೆ, ಜೀಪು ಮಗುಚಲು ಬೇಕಾದ ವೇಗ ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ ಸುಮಾರು 50 ಕಿಲೋಮೀಟರ್. ಓಟದ ಕಾರು ಮಗುಚಲು ಬೇಕಾದುದು ಗಂಟೆಗೆ ಸುಮಾರು 62 ಕಿಲೋಮೀಟರ್.

ಹಾಗಾದರೆ ಒಣಗಿದ ರಸ್ತೆಯಲ್ಲಿ ಏನಾಗುತ್ತದೆ? ಘರ್ಷಣಾಂಕವು 0.8 ಇದ್ದರೆ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿಯೇ ಚಕ್ರಗಳು ಜಾರತೊಡಗುತ್ತವೆ. ಮಳೆ ಬಿದ್ದು ಘರ್ಷಣಾಂಕವು 0.5ಕ್ಕೆ ಇಳಿದರೆ ಸುಮಾರು 36 ಕಿಲೋಮೀಟರಿನಲ್ಲಿಯೇ ಜಾರುತ್ತವೆ. ಎಂದರೆ ಸಮತಟ್ಟಾದ ರಸ್ತೆಯ ಮೇಲೆ ಈ ಎರಡು ವಾಹನಗಳೂ ಮಗುಚುವುದಕ್ಕೆ ಮೊದಲೇ ಜಾರುತ್ತವೆ. ಇಷ್ಟನ್ನೇ ನೋಡಿ, ಓಟದ ಕಾರು ಮಗುಚುವುದೇ ಇಲ್ಲವೆಂದು ಕೆಲವರು ವಾದಿಸುವುದುಂಟು.

ಈ ವಾದವು ರಸ್ತೆಯ ಅಂಚಿನವರೆಗೆ ಮಾತ್ರ ಸರಿ. ಅಡ್ಡಲಾಗಿ ಜಾರುತ್ತಿರುವ ಕಾರಿನ ಚಕ್ರವು ಚರಂಡಿಯ ಕಟ್ಟೆಗೋ ಮೆದುವಾದ ಮಣ್ಣಿಗೋ ಸಿಕ್ಕಿಕೊಂಡರೆ ಚಕ್ರ ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ. ಓಡುತ್ತಿರುವವನ ಕಾಲಿಗೆ ಬೇರು ತೊಡರಿದಂತೆ ಕಾರು ಎಡವಿ ಬೀಳುತ್ತದೆ. ಮೇಲಣ ಉದಾಹರಣೆಯ ಕಾರಿನಲ್ಲಿ ಗುರುತ್ವಕೇಂದ್ರವನ್ನು 36 ಸೆಂಟಿಮೀಟರ್ ಮೇಲೆತ್ತಿದರೆ ಅದು ಚಕ್ರದ ನೇರಕ್ಕೆ ಬಂದು, ಅಲ್ಲಿಂದಾಚೆ ತಾನಾಗಿಯೇ ಮಗುಚುತ್ತದೆ. ಇದಕ್ಕೆ ಬೇಕಾದ ಶಕ್ತಿಯು ಗಂಟೆಗೆ 10 ಕಿಲೋಮೀಟರಿನ ಅಡ್ಡವೇಗದಲ್ಲಿಯೇ ಅಡಗಿದೆ. ತಾಗಿದಾಗ ನಷ್ಟವಾಗುವ ಶಕ್ತಿಯನ್ನು ಸೇರಿಸಿಕೊಂಡರೂ ಸುಮಾರು 20 ಕಿಲೋಮೀಟರ್ ಸಾಕು. ತಗ್ಗು ಕಾರು ಉರುಳದು ಎಂಬ ನಂಬಿಕೆಯ ಮೇಲೆ ಯಾರೂ ತಮ್ಮ ತಲೆಯನ್ನು ಪಣವಾಗಿ ಒಡ್ಡಬಾರದು.

ಕಮಾನು ಹೊರಬೇಕಾದ ಭಾರ

ಚಾಲಕನೂ ಸೇರಿ ಕಾರಿನ ದ್ರವ್ಯರಾಶಿ 1,000 ಕಿಲೋಗ್ರಾಂ ಎನ್ನೋಣ. ಅದರ ತೂಕ 9,800 ನ್ಯೂಟನ್. ಕಮಾನು ಈ ತೂಕವನ್ನು ಹೊತ್ತರೆ ಸಾಕೇ? ಕಾರನ್ನು ಮೆಲ್ಲನೆ ತಿರುವಿ ಇಟ್ಟರೆ ಸಾಕು. ಆದರೆ ಅಪಘಾತವು ಮೆಲ್ಲನೆ ನಡೆಯುವುದಿಲ್ಲ.

ಕಾರು ಅರ್ಧ ಮೀಟರ್ ಎತ್ತರದಿಂದ ತಲೆಕೆಳಗಾಗಿ ಬಿದ್ದು, ಕಮಾನೂ ನೆಲವೂ ಒಟ್ಟಾಗಿ 10 ಸೆಂಟಿಮೀಟರ್ ತಗ್ಗುವುದರೊಳಗೆ ನಿಂತಿತೆಂದು ಭಾವಿಸೋಣ. ಬಿದ್ದ ದೂರವನ್ನೂ ತಗ್ಗಿದ ದೂರವನ್ನೂ ಕೂಡಿಸಿ ತೂಕದಿಂದ ಗುಣಿಸಿದರೆ ಬರುವ ಕಾರ್ಯವನ್ನು 10 ಸೆಂಟಿಮೀಟರಿನಲ್ಲಿ ಮುಗಿಸಬೇಕು. ಲೆಕ್ಕ ಹಾಕಿದರೆ ಸರಾಸರಿ ಬಲವು ತೂಕದ 6 ಪಟ್ಟು ಎಂದು ತಿಳಿಯುತ್ತದೆ. 5 ಸೆಂಟಿಮೀಟರಿನಲ್ಲಿಯೇ ನಿಂತರೆ 11 ಪಟ್ಟು. ಓಟದ ಕಾರುಗಳಿಗಾಗಿ ಅಂತರರಾಷ್ಟ್ರೀಯ ಮೋಟಾರು ಸಂಸ್ಥೆಯಾದ ಎಫ್.ಐ.ಎ. ಬಹುಕಾಲ ಬಳಸಿದ ಪ್ರಮಾಣವು ಈ ಲೆಕ್ಕಕ್ಕೆ ಸಮೀಪವಾಗಿದೆ: ಕಾರಿನ ತೂಕಕ್ಕೆ 75 ಕಿಲೋಗ್ರಾಮಿನ ಚಾಲಕನನ್ನು ಸೇರಿಸಿ, ಅದರ ಏಳೂವರೆ ಪಟ್ಟು ಮೇಲಿನಿಂದ, ಐದೂವರೆ ಪಟ್ಟು ಹಿಂದು ಮುಂದಾಗಿ, ಒಂದೂವರೆ ಪಟ್ಟು ಮಗ್ಗುಲಿನಿಂದ. ನಮ್ಮ ಕಾರಿಗೆ ಇವು ಕ್ರಮವಾಗಿ ಸುಮಾರು 73,500, 54,000 ಮತ್ತು 14,700 ನ್ಯೂಟನ್ ಆಗುತ್ತವೆ. ಮುಂದೆ ನಾವು ಮಾಡುವ ಲೆಕ್ಕಗಳಿಗೆಲ್ಲ ಇವೇ ಆಧಾರ.

ಹಿಂದು ಮುಂದಿನ ಬಲ ಏತಕ್ಕೆ ಎಂದು ಕೆಲವರಿಗೆ ಸಂಶಯ ಬರಬಹುದು. ಮಗುಚಿದ ಕಾರು ಒಡನೆಯೇ ನಿಲ್ಲುವುದಿಲ್ಲ, ಮುಂದಕ್ಕೆ ಜಾರುತ್ತದೆ. ನೆಲಕ್ಕೆ ತಾಗಿದ ಕಮಾನಿನ ತುದಿಯನ್ನು ನೆಲವು ಹಿಂದಕ್ಕೆ ತಳ್ಳುತ್ತದೆ. ಕಮಾನನ್ನು ಮಡಚುವುದು ಹೆಚ್ಚಾಗಿ ಈ ತಳ್ಳಾಟವೇ.

ಕೊಳವೆಯೇ ಏಕೆ, ಸಲಾಕೆ ಏಕಲ್ಲ?

ಎಫ್.ಐ.ಎ. ನಿಯಮದ ಪ್ರಕಾರ ಮುಖ್ಯ ಕಮಾನಿಗೆ ಬೆಸುಗೆಯ ಗೆರೆಯಿಲ್ಲದೆ ತಣ್ಣಗೆ ಎಳೆದು ಮಾಡಿದ ಉಕ್ಕಿನ ಕೊಳವೆ ಬೇಕು. ಹೊರವ್ಯಾಸ 45 ಮಿಲಿಮೀಟರ್ ಆದರೆ ಗೋಡೆಯ ದಪ್ಪ 2.5 ಮಿಲಿಮೀಟರ್, 50 ಮಿಲಿಮೀಟರ್ ಆದರೆ 2 ಮಿಲಿಮೀಟರ್. ಇವು ಕನಿಷ್ಠ ಅಳತೆಗಳು. ಉಕ್ಕಿನಲ್ಲಿ ಇಂಗಾಲವು ಶೇಕಡ 0.3ನ್ನು ಮೀರಬಾರದು. ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 350 ನ್ಯೂಟನ್ ಎಳೆತವನ್ನು ಅದು ತಡೆಯಬೇಕು.

45 ಮಿಲಿಮೀಟರಿನ ಈ ಕೊಳವೆಯನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ಉಕ್ಕಿನ ಕ್ಷೇತ್ರಫಲ ಸುಮಾರು 334 ಚದರ ಮಿಲಿಮೀಟರ್. ಒಂದು ಮೀಟರ್ ಉದ್ದದ ಕೊಳವೆ ಸುಮಾರು 2.6 ಕಿಲೋಗ್ರಾಂ ತೂಗುತ್ತದೆ. ಇಷ್ಟೇ ಉಕ್ಕನ್ನು ಕರಗಿಸಿ ಗಟ್ಟಿ ಸಲಾಕೆಯಾಗಿ ಎಳೆದರೆ ಅದರ ವ್ಯಾಸವು 20.6 ಮಿಲಿಮೀಟರ್ ಆಗುತ್ತದೆ. ತೂಕ ಒಂದೇ, ಬೆಲೆಯೂ ಹೆಚ್ಚು ಕಡಮೆ ಒಂದೇ. ಆದರೆ ಬಾಗುವಿಕೆಗೆ ಎದುರು ನಿಲ್ಲುವ ಬಿಗಿತವು ಹೊರವ್ಯಾಸದ ನಾಲ್ಕನೆಯ ಘಾತದಿಂದ ಒಳವ್ಯಾಸದ ನಾಲ್ಕನೆಯ ಘಾತವನ್ನು ಕಳೆದಾಗ ಬರುವ ಸಂಖ್ಯೆಯನ್ನು ಅವಲಂಬಿಸಿದೆ. ಈ ಲೆಕ್ಕದಲ್ಲಿ ಕೊಳವೆಯ ಬಿಗಿತವು ಸಲಾಕೆಯದಕ್ಕಿಂತ ಎಂಟೂವರೆ ಪಟ್ಟು ಹೆಚ್ಚು. ಮುರಿಯುವ ಮುನ್ನ ತಡೆಯಬಲ್ಲ ಬಾಗುಬಲವು ಸುಮಾರು ನಾಲ್ಕು ಪಟ್ಟು ಹೆಚ್ಚು. ಬಾಗುವಾಗ ಹೆಚ್ಚು ಕೆಲಸ ಮಾಡುವುದು ನಡುವಿನ ಉಕ್ಕಲ್ಲ, ಅಂಚಿನ ಉಕ್ಕು ಎಂಬುದೇ ಇದರ ಗುಟ್ಟು.

ಈ ಗುಟ್ಟನ್ನು ನಮ್ಮ ತೋಟಗಳು ಮೊದಲಿನಿಂದಲೂ ಬಲ್ಲವು. ಅಡಿಕೆಯ ಗೊನೆಯನ್ನು ಕೀಳುವ ಉದ್ದನೆಯ ದೋಟಿಯನ್ನು ಹಿಂದೆ ಬಿದಿರಿನಿಂದ ಮಾಡುತ್ತಿದ್ದರು; ಈಗ ಕಾರ್ಬನ್ ಫೈಬರಿನ ದೋಟಿ ಬಂದಿದೆ. ವಸ್ತು ಬದಲಾಯಿತು, ಟೊಳ್ಳು ಮಾತ್ರ ಹಾಗೆಯೇ ಉಳಿಯಿತು.

ಹಾಗಾದರೆ ಗೋಡೆಯನ್ನು ಇನ್ನೂ ತೆಳುವಾಗಿಸಿ ವ್ಯಾಸವನ್ನು ಇನ್ನೂ ಹಿಗ್ಗಿಸಬಾರದೇಕೆ? 50 ಮಿಲಿಮೀಟರಿನ ಕೊಳವೆ 45ರದಕ್ಕಿಂತ ಹಗುರವಾಗಿದ್ದೂ ಹೆಚ್ಚು ಬಿಗಿಯಾಗಿರುವುದು ನಿಜ. ಆದರೆ ಒಂದು ಮಿತಿಯನ್ನು ದಾಟಿದರೆ ತೆಳು ಗೋಡೆಯು ಡಬ್ಬಿಯಂತೆ ತಗ್ಗು ಬೀಳುತ್ತದೆ. ಕಲ್ಲು ತಾಗಿ ಒಂದು ಕಡೆ ಚಪ್ಪಟೆಯಾದ ಕೊಳವೆಯು ಕೊಳವೆಯಾಗಿ ಉಳಿಯುವುದಿಲ್ಲ; ಅದರ ಬಿಗಿತವೆಲ್ಲ ಅಲ್ಲಿಯೇ ಕೊನೆಗಾಣುತ್ತದೆ.

ಉಕ್ಕು ಹೆಚ್ಚು ಗಡಸಾದಷ್ಟೂ ಒಳ್ಳೆಯದೆಂಬ ಭಾವನೆಯೂ ಸರಿಯಲ್ಲ. ಹಸಿಯ ಕೋಲು ಬಾಗುತ್ತದೆ, ಒಣಗಿದ ಪುಳ್ಳೆ ಲಟ್ಟನೆ ಮುರಿಯುತ್ತದೆ. ಇಂಗಾಲ ಹೆಚ್ಚಾದ ಉಕ್ಕು, ಅದರಲ್ಲಿಯೂ ಬೆಸುಗೆಯ ಬಳಿ, ಪುಳ್ಳೆಯಂತೆ ವರ್ತಿಸುತ್ತದೆ. ಕಮಾನು ಬಾಗುತ್ತ ಬಾಗುತ್ತ ಶಕ್ತಿಯನ್ನು ನುಂಗಬೇಕೇ ಹೊರತು ತುಂಡಾಗಬಾರದು.

ಮನೆಯ ಗೇಟಿಗೂ ನೀರಿನ ಸಾಲಿಗೂ ಬಳಸುವ ಜಿ.ಐ. ಪೈಪನ್ನು ಬಗ್ಗಿಸಿ ಕಮಾನು ಮಾಡಿಕೊಡುವವರಿದ್ದಾರೆ. ಅಲಂಕಾರಕ್ಕಾಗಿ ಕಲೆಯಿಲ್ಲದ ಉಕ್ಕಿನ ತೆಳು ಕೊಳವೆಯನ್ನು ಹಾಕುವವರೂ ಇದ್ದಾರೆ. ನೀರಿನ ಪೈಪನ್ನು ಮಾಡಿರುವುದು ನೀರಿನ ಒತ್ತಡವನ್ನು ತಡೆಯುವುದಕ್ಕೆ. ಅದರ ಮೇಲಣ ಸತುವಿನ ಲೇಪವು ಬೆಸುಗೆಯನ್ನು ಕೆಡಿಸುವುದಲ್ಲದೆ ಬೆಸೆಯುವವನಿಗೆ ವಿಷದ ಹೊಗೆಯನ್ನೂ ಕೊಡುತ್ತದೆ. ಬಗ್ಗಿಸುವಾಗ ಒಳಬದಿಯಲ್ಲಿ ಸುಕ್ಕು ಬಿದ್ದ ಕೊಳವೆಯು ಮಡಚಬೇಕಾದ ಗುರುತನ್ನು ತಾನೇ ಹಾಕಿಕೊಂಡಂತೆ. ಆದುದರಿಂದಲೇ ಬಾಗಿನ ತ್ರಿಜ್ಯವು ಕೊಳವೆಯ ವ್ಯಾಸದ ಮೂರು ಪಟ್ಟಿಗಿಂತ ಕಡಮೆಯಿರಬಾರದೆಂದು ನಿಯಮವಿದೆ. 45 ಮಿಲಿಮೀಟರಿನ ಕೊಳವೆಗೆ ಇದು 135 ಮಿಲಿಮೀಟರ್.

ವಾಹನದ ತೂಕಕ್ಕೆ ತಕ್ಕಂತೆ ಕೊಳವೆಯ ಆಯ್ಕೆಯೂ ಬದಲಾಗುತ್ತದೆ. ನಮ್ಮ ದೇಶದಲ್ಲಿ 2007ರಿಂದ ನಡೆದುಬಂದಿರುವ ಬಾಹಾ ಎಂಬ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಒಬ್ಬರು ಕೂರುವ ಸಣ್ಣ ವಾಹನಗಳನ್ನು ಓಡಿಸುತ್ತಾರೆ. ಅಲ್ಲಿ ಒಂದು ಅಂಗುಲ ವ್ಯಾಸದ, 3 ಮಿಲಿಮೀಟರ್ ದಪ್ಪದ ಕೊಳವೆಯು ಮೂಲ ಅಳತೆ. ಅದರ ಬಿಗಿತವು ನಮ್ಮ 45 ಮಿಲಿಮೀಟರಿನ ಕೊಳವೆಯ ಆರನೆಯ ಒಂದು ಭಾಗಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಆದರೂ ಅದು ಸಾಲುವುದು ಎರಡು ಕಾರಣಗಳಿಂದ: ವಾಹನ ಹಗುರ, ಮೇಲಾಗಿ ಅಲ್ಲಿರುವುದು ಒಂಟಿ ಕಮಾನಲ್ಲ, ತ್ರಿಕೋನಗಳಿಂದ ಹೆಣೆದ ಪೂರ್ಣ ಪಂಜರ. ಈ ತ್ರಿಕೋನದ ಮಹಿಮೆಯನ್ನೇ ಈಗ ನೋಡೋಣ.

ತ್ರಿಕೋನದ ಮಹಿಮೆ

ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ಮೊಳೆ ಹೊಡೆದು ಚೌಕವಾಗಿ ಜೋಡಿಸಿರಿ. ಒಂದು ಮೂಲೆಯನ್ನು ತಳ್ಳಿದರೆ ಚೌಕವು ಓರೆಯಾಗುತ್ತದೆ. ಮೂರು ಕಡ್ಡಿಗಳ ತ್ರಿಕೋನವನ್ನು ಎಷ್ಟು ತಳ್ಳಿದರೂ ಅದರ ಆಕಾರ ಕೆಡದು. ಕಡ್ಡಿ ಮುರಿದರೆ ಮಾತ್ರ ತ್ರಿಕೋನವು ಕೆಡಬಲ್ಲುದು. ಮಂಗಳೂರು ಹಂಚಿನ ಮಾಡನ್ನು ಹೊತ್ತಿರುವ ಮರದ ಕಟ್ಟುಗಳಲ್ಲಿ ಎಲ್ಲೆಲ್ಲಿಯೂ ತ್ರಿಕೋನವೇ ಕಾಣುವುದು ಇದಕ್ಕಾಗಿ.

ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಲಾದ ಸಾವಿರ ಕಂಬದ ಬಸದಿಯ ಕಲ್ಲುಕಂಬಗಳು ಶತಮಾನಗಳಿಂದ ಮಾಡನ್ನು ಹೊತ್ತು ನಿಂತಿವೆ. ಕಂಬವು ನೇರವಾಗಿ ಕೆಳಗಿಳಿಯುವ ಭಾರವನ್ನು ಹೊರುವುದರಲ್ಲಿ ಗಟ್ಟಿಗ. ಆದರೆ ಅದರ ತಲೆಯನ್ನು ಮಗ್ಗುಲಿನಿಂದ ತಳ್ಳಿದರೆ ಕಂಬದ ಉದ್ದವೇ ಅದಕ್ಕೆ ಶತ್ರುವಾಗುತ್ತದೆ. ಉದ್ದವಾದ ಸನ್ನೆಗೋಲಿನಂತೆ ಬುಡದಲ್ಲಿ ಬಲವು ಹೆಚ್ಚುತ್ತದೆ. ರಕ್ಷಾಕಮಾನಿನ ಎರಡು ಕಾಲುಗಳ ಸ್ಥಿತಿಯೂ ಇದೇ.

ಒಂದು ಮೀಟರ್ ಎತ್ತರದ ಕಮಾನಿನ ತುದಿಯನ್ನು ನೆಲವು 54,000 ನ್ಯೂಟನ್ ಬಲದಿಂದ ಹಿಂದಕ್ಕೆ ತಳ್ಳುತ್ತಿದೆ. ಪ್ರತಿಯೊಂದು ಕಾಲಿನ ಪಾಲಿಗೆ 27,000. ಹಿಂದಿನಿಂದ ಆಸರೆ ಇಲ್ಲದಿದ್ದರೆ ಬುಡದಲ್ಲಿ ಬಾಗಿಸುವ ತಿರುಗುಬಲವು 27,000 ನ್ಯೂಟನ್ ಮೀಟರ್. ನಮ್ಮ 45 ಮಿಲಿಮೀಟರಿನ ಕೊಳವೆಯಲ್ಲಿ ಇದರಿಂದ ಉಂಟಾಗಬೇಕಾದ ಪೀಡನವು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 8,000 ನ್ಯೂಟನ್. ಉಕ್ಕಿಗೆ ನಾವು ಕೇಳಿದ ಸಾಮರ್ಥ್ಯ 350! ಇಪ್ಪತ್ತು ಪಟ್ಟಿಗೂ ಮಿಕ್ಕಿದ ಈ ಅಂತರವನ್ನು ಯಾವ ದಪ್ಪ ಕೊಳವೆಯೂ ತುಂಬಲಾರದು. ಬೆನ್ನಾಸರೆಯಿಲ್ಲದ ಒಂಟಿ ಕಮಾನು ಎಷ್ಟೇ ಹೊಳೆದರೂ ಬುಡದಲ್ಲಿ ಮಡಚಿಕೊಳ್ಳುತ್ತದೆ.

ಈಗ ಕಮಾನಿನ ಎರಡು ಮೇಲ್ಬಾಗುಗಳ ಬಳಿಯಿಂದ ಹಿಂದಕ್ಕೆ, ಕೆಳಕ್ಕೆ ಒಂದೊಂದು ಓರೆಗಾಲನ್ನು ಕೊಡೋಣ. ಇದಕ್ಕೆ 40 ಮಿಲಿಮೀಟರ್ ವ್ಯಾಸದ, 2 ಮಿಲಿಮೀಟರ್ ದಪ್ಪದ ಕೊಳವೆ. ಕ್ಷೇತ್ರಫಲ ಸುಮಾರು 239 ಚದರ ಮಿಲಿಮೀಟರ್. ಓರೆಗಾಲು ಲಂಬರೇಖೆಗೆ 45 ಡಿಗ್ರಿ ಕೋನದಲ್ಲಿದ್ದರೆ ಅದರ ಉದ್ದಕ್ಕೆ ಬೀಳುವ ಬಲವು 27,000ವನ್ನು ಆ ಕೋನದ ಸೈನಿನಿಂದ ಭಾಗಿಸಿದಷ್ಟು, ಎಂದರೆ ಸುಮಾರು 38,000 ನ್ಯೂಟನ್. ಪೀಡನವು ಪ್ರತಿ ಚದರ ಮಿಲಿಮೀಟರಿಗೆ 160 ನ್ಯೂಟನ್ ಮಾತ್ರ. ಬಲ ಕಡಮೆಯಾಗಲಿಲ್ಲ, ಉಕ್ಕೂ ಬದಲಾಗಲಿಲ್ಲ. ಬಾಗಿಸುತ್ತಿದ್ದ ಬಲವು ಕೊಳವೆಯ ಉದ್ದಕ್ಕೆ ಒತ್ತುವ ಬಲವಾಗಿ ಮಾರ್ಪಟ್ಟಿತು, ಅಷ್ಟೆ.

ಓರೆಗಾಲು ಹೆಚ್ಚು ನೆಟ್ಟಗಾದರೆ ಏನಾಗುತ್ತದೆ? 30 ಡಿಗ್ರಿಯಲ್ಲಿ ಬಲವು 54,000 ನ್ಯೂಟನ್, ಪೀಡನ 226. 15 ಡಿಗ್ರಿಯಲ್ಲಿ ಬಲವು 1,04,000 ನ್ಯೂಟನ್, ಪೀಡನ 436. ಇದು 350ನ್ನು ಮೀರಿತು. ಲಂಬರೇಖೆಗೂ ಓರೆಗಾಲಿಗೂ ನಡುವೆ ಕನಿಷ್ಠ 30 ಡಿಗ್ರಿ ಇರಬೇಕೆಂಬ ನಿಯಮದ ಅರ್ಥವು ಇದರಿಂದ ವಿದಿತವಾಗುತ್ತದೆ.

ಹಾಗೆಂದು ಓರೆಗಾಲನ್ನು ಬಹಳ ಮಲಗಿಸುವುದೂ ತರವಲ್ಲ. 60 ಡಿಗ್ರಿಗೆ ಮಲಗಿಸಿದರೆ ಬಲವು 31,000 ನ್ಯೂಟನಿಗೆ ಇಳಿಯುವುದೇನೋ ಹೌದು. ಆದರೆ ಓರೆಗಾಲಿನ ಉದ್ದ 2 ಮೀಟರಿಗೆ ಏರುತ್ತದೆ. ಉದ್ದನೆಯ ಸಣ್ಣ ಕೋಲನ್ನು ನೆಲಕ್ಕೆ ಒತ್ತಿದರೆ ಅದು ನಡುವಿನಲ್ಲಿ ಬಿಲ್ಲಿನಂತೆ ಬಾಗುವುದನ್ನು ಎಲ್ಲರೂ ಬಲ್ಲರು. ಈ ಬಾಗುವಿಕೆಯ ಸೂತ್ರವನ್ನು 18ನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರನು ಕಂಡುಹಿಡಿದನು: ಉದ್ದ ಇಮ್ಮಡಿಯಾದರೆ ತಡೆಯುವ ಶಕ್ತಿ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ತುದಿಗಳು ಕೀಲಿನಂತೆ ತಿರುಗಬಲ್ಲವೆಂದು ಎಣಿಸಿದರೆ, ಈ ಕೊಳವೆಯು 2 ಮೀಟರ್ ಉದ್ದವಾದಾಗ ಸುಮಾರು 21,000 ನ್ಯೂಟನಿಗೇ ಬಿಲ್ಲಾಗುತ್ತದೆ, ಹೊರಬೇಕಾದುದು 31,000. ಅದೇ 45 ಡಿಗ್ರಿಯಲ್ಲಿ ಉದ್ದ 1.41 ಮೀಟರ್, ತಡೆಯುವ ಶಕ್ತಿ 42,000ಕ್ಕೂ ಮೇಲೆ, ಬೇಕಾದುದು 38,000. ಆದುದರಿಂದ ನಮ್ಮ ಉದಾಹರಣೆಗೆ 30ರಿಂದ 45 ಡಿಗ್ರಿಯ ನಡುವಣ ಕೋನವೇ ಲೇಸು.

ಮಗ್ಗುಲಿನ ಬಲಕ್ಕೆ ಎದುರಾಗಿ ಕಮಾನಿನ ಒಳಗೆ ಒಂದು ಮೂಲೆಯಿಂದ ಎದುರು ಮೂಲೆಗೆ ಕರ್ಣವನ್ನು ಕೊಡಬೇಕು. ಇದರಿಂದ ಚೌಕಟ್ಟು ಎರಡು ತ್ರಿಕೋನಗಳಾಗುತ್ತದೆ. ಓರೆಗಾಲಾಗಲಿ ಕರ್ಣವಾಗಲಿ ನೇರವಾಗಿರಬೇಕು. ಅಂದಕ್ಕಾಗಿ ಬಳುಕಿಸಿದ ಆಸರೆಯು ಒತ್ತಿದೊಡನೆ ಇನ್ನಷ್ಟು ಬಳುಕುತ್ತದೆ.

ಬುಡದ ಭದ್ರತೆ

ಕಮಾನು ಎಷ್ಟು ಗಟ್ಟಿಯಾಗಿದ್ದರೂ ಬುಡ ಸಡಿಲವಾಗಿದ್ದರೆ ಫಲವಿಲ್ಲ. ಪ್ರತಿಕೃತಿ ಕಾರುಗಳಲ್ಲಿ ಇದು ಮುಖ್ಯವಾದ ಮಾತು. ಗಾಜುನಾರಿನ ಮೈಗೆ ಕಮಾನನ್ನು ಬಿಗಿಯುವುದೆಂದರೆ ಬುಟ್ಟಿಗೆ ಕಂಬವನ್ನು ಕಟ್ಟಿದ ಹಾಗೆ. ಕಮಾನಿನ ಕಾಲುಗಳು ಮೈಯಲ್ಲಿ ಕೊರೆದ ತೂತುಗಳ ಮೂಲಕ ಇಳಿದು ಕೆಳಗಿನ ಉಕ್ಕಿನ ಚಾಸಿಯನ್ನೇ ಹಿಡಿಯಬೇಕು.

ಜೀಪಿನಂತೆ ತಗಡಿನ ನೆಲವಿರುವಲ್ಲಿ ಬೇರೊಂದು ಅಪಾಯವುಂಟು. ಮೇಲಿನಿಂದ ಬರುವ 73,500 ನ್ಯೂಟನ್ ಬಲವು ಎರಡು ಮುಖ್ಯ ಕಾಲುಗಳಿಗೆ ಹಂಚಿಹೋದರೆ ಒಂದೊಂದಕ್ಕೆ ಸುಮಾರು 36,800. ಕೊಳವೆಯನ್ನು ನೇರವಾಗಿ ಒಂದು ಮಿಲಿಮೀಟರ್ ದಪ್ಪದ ತಗಡಿನ ಮೇಲೆ ನಿಲ್ಲಿಸಿದ್ದರೆ, 141 ಮಿಲಿಮೀಟರಿನ ಅದರ ಸುತ್ತಳತೆಯಷ್ಟೇ ತಗಡು ಈ ಬಲಕ್ಕೆ ಎದುರು ನಿಲ್ಲಬೇಕು. ಪೀಡನವು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 260 ನ್ಯೂಟನ್. ಸಾಧಾರಣ ತಗಡು 200ರ ಸುತ್ತಮುತ್ತಲೇ ಹರಿಯತೊಡಗುತ್ತದೆ. ಬಿಸ್ಕತ್ತಿನ ಅಚ್ಚಿನಂತೆ ಕೊಳವೆಯು ನೆಲವನ್ನು ಕತ್ತರಿಸಿಕೊಂಡು ಕೆಳಗಿಳಿಯುತ್ತದೆ. ಅದರ ಕೆಳಗೆ 12 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ದಪ್ಪ ಫಲಕವಿದ್ದರೆ ಎದುರು ನಿಲ್ಲುವ ಅಂಚು 440 ಮಿಲಿಮೀಟರ್ ಆಗಿ, ಪೀಡನವು 84ಕ್ಕೆ ಇಳಿಯುತ್ತದೆ. ಕೆಸರುಗದ್ದೆಯಲ್ಲಿ ಹಲಗೆ ಹಾಕಿಕೊಂಡು ನಡೆಯುವವನು ಹೂಳದಿರುವುದಕ್ಕೂ ಇದಕ್ಕೂ ಕಾರಣ ಒಂದೇ. ಫಲಕವು ಕನಿಷ್ಠ 3 ಮಿಲಿಮೀಟರ್ ದಪ್ಪ, 120 ಚದರ ಸೆಂಟಿಮೀಟರ್ ವಿಸ್ತಾರ ಇರಬೇಕೆಂದು ಎಫ್.ಐ.ಎ. ವಿಧಿಸಿದೆ.

ಬೋಲ್ಟುಗಳ ಲೆಕ್ಕವೂ ಸ್ವಾರಸ್ಯವಾದುದು. ನೆಲವು ಕಮಾನನ್ನು ಹಿಂದಕ್ಕೆ ತಳ್ಳಿದಾಗ ಓರೆಗಾಲು ಒತ್ತಲ್ಪಡುತ್ತದೆ. ಆದರೆ ಮುಖ್ಯ ಕಾಲು ಮೇಲಕ್ಕೆ ಕೀಳಲ್ಪಡುತ್ತದೆ. 30 ಡಿಗ್ರಿಯ ಓರೆಗಾಲಿದ್ದರೆ ಹೀಗೆ ಕೀಳುವ ಬಲವು ಸುಮಾರು 46,800 ನ್ಯೂಟನ್. 8 ಮಿಲಿಮೀಟರಿನ ಬೋಲ್ಟಿನ ತಲೆಯ ಮೇಲೆ 8.8 ಎಂಬ ಅಂಕಿ ಇದ್ದರೆ, ಅದು ಪ್ರತಿ ಚದರ ಮಿಲಿಮೀಟರಿಗೆ 640 ನ್ಯೂಟನ್‌ವರೆಗೆ ಶಾಶ್ವತವಾಗಿ ಹಿಗ್ಗದೆ ತಡೆಯುತ್ತದೆಂದು ಅರ್ಥ. ತಿರುಪಿನ ಬಳಿ ಅದರ ಕ್ಷೇತ್ರಫಲ 36.6 ಚದರ ಮಿಲಿಮೀಟರ್. ಎರಡು ಬೋಲ್ಟುಗಳು ತಡೆಯುವುದು ಸುಮಾರು 46,800 ನ್ಯೂಟನ್. ಎಂದರೆ ಕೈಯಲ್ಲಿ ಏನೂ ಉಳಿಯದು. ಮೂರು ಬೋಲ್ಟುಗಳು 70,000 ನ್ಯೂಟನ್ ತಡೆಯುತ್ತವೆ. ಮುಖ್ಯ ಕಾಲೊಂದಕ್ಕೆ ಕನಿಷ್ಠ ಮೂರು ಬೋಲ್ಟು ಎಂಬ ನಿಯಮವು ಸುಮ್ಮನೆ ಬಂದುದಲ್ಲ. ಅಂಕಿಯಿಲ್ಲದ ಅಗ್ಗದ ಬೋಲ್ಟನ್ನು ಹಾಕಿದರೆ ಈ ಲೆಕ್ಕವೆಲ್ಲ ನೀರಿನಲ್ಲಿ ಹೋಮವಾಗುತ್ತದೆ.

ಬೆಸುಗೆಯು ಕೊಳವೆಯ ಸುತ್ತಲೂ ಬಿಡುವಿಲ್ಲದೆ ಇರಬೇಕು. ಬಣ್ಣ ಹಚ್ಚುವ ಮೊದಲೇ ಅದನ್ನು ಪರೀಕ್ಷಿಸಬೇಕು. ಬಣ್ಣವು ಕೆಟ್ಟ ಬೆಸುಗೆಯನ್ನು ಮುಚ್ಚುತ್ತದೆ, ಗಟ್ಟಿಮಾಡುವುದಿಲ್ಲ.

ತಲೆ, ಪಟ್ಟಿ, ಮೆತ್ತೆ

ಚಾಲಕನು ಶಿರಸ್ತ್ರಾಣವನ್ನು ಧರಿಸಿ ಕುಳಿತಾಗ ಕಮಾನಿನ ತುದಿಯು ಅದಕ್ಕಿಂತ ಕನಿಷ್ಠ ಎರಡು ಅಂಗುಲವಾದರೂ ಮೇಲಿರಬೇಕು. ಇಷ್ಟೇ ಸಾಲದು. ಕಮಾನಿನ ತುದಿಯಿಂದ ಕಾರಿನ ಮುಂಭಾಗದಲ್ಲಿ ಗಟ್ಟಿಯಾಗಿರುವ ಸ್ಥಳಕ್ಕೆ ಒಂದು ನೇರವಾದ ಕೋಲನ್ನು ಹಿಡಿದು ನೋಡಬೇಕು. ಮಗುಚಿದ ಕಾರಿಗೆ ನೆಲವೆಂದರೆ ಆ ಕೋಲಿನ ರೇಖೆಯೇ. ಶಿರಸ್ತ್ರಾಣವು ಅದರೊಳಗೆ ಅಡಗಬೇಕು. ತೆಳುವಾದ ಗಾಳಿಗಾಜಿನ ಚೌಕಟ್ಟನ್ನು ಗಟ್ಟಿ ಸ್ಥಳವೆಂದು ಎಣಿಸಬಾರದು. ಬಹು ಜನ ಕಮಾನನ್ನು ಕಾರಿನ ಅಂದಕ್ಕೆ ಸರಿಹೊಂದುವಂತೆ ತಗ್ಗಿಸುತ್ತಾರೆ. ಚಾಲಕನ ಹಣೆಯ ಮಟ್ಟದಲ್ಲಿರುವ ಕಮಾನು ಯಾರನ್ನೂ ಕಾಯದು.

ಆಸನಪಟ್ಟಿ ಇಲ್ಲದಿದ್ದರೆ ಕಮಾನಿನಿಂದ ಉಪಯೋಗವಿಲ್ಲ. ಕಾರು ಉರುಳುವಾಗ ಸಡಿಲವಾಗಿ ಕುಳಿತವನು ಜಡತ್ವದಿಂದ ಹೊರಕ್ಕೆ ಎಸೆಯಲ್ಪಡುತ್ತಾನೆ. ಅನಂತರ ಅದೇ ಕಾರು ಅವನ ಮೇಲೆಯೇ ಬೀಳಬಹುದು. ಹೆಗಲಪಟ್ಟಿಗಳು ಹೆಗಲಿನಿಂದ ಹಿಂದಕ್ಕೆ ಹೋಗುವಾಗ ಸಮತಲಕ್ಕಿಂತ 45 ಡಿಗ್ರಿ ಮೀರಿ ಕೆಳಗೆ ವಾಲಬಾರದು. ವಾಲಿದರೆ ಅವು ಬೆನ್ನೆಲುಬನ್ನು ಕೆಳಕ್ಕೆ ಒತ್ತುತ್ತವೆ.

ತಲೆ ತಾಗಬಹುದಾದ ಕಡೆಗಳಲ್ಲೆಲ್ಲ ಕಮಾನಿಗೆ ಗಟ್ಟಿ ಜಾತಿಯ ಮೆತ್ತೆಯನ್ನು ಸುತ್ತಬೇಕು. ಶಿರಸ್ತ್ರಾಣವಿಲ್ಲದೆ ಪೇಟೆಗೆ ಹೋಗಿಬರುವವನಿಗೆ, ಹಿಂದಿನಿಂದ ಇನ್ನೊಂದು ವಾಹನ ಮೆಲ್ಲನೆ ತಾಗಿದರೂ, ಬೆನ್ನ ಹಿಂದಿರುವ ಬರಿಯ ಉಕ್ಕು ಸುತ್ತಿಗೆಯ ಏಟಾದೀತು. ರಕ್ಷಣೆಗೆಂದು ಇಟ್ಟುದು ಭಕ್ಷಕವಾಗುವ ಸಂದರ್ಭವಿದು. ಹಿಂದಿನ ಆಸನದಲ್ಲಿ ಮಕ್ಕಳನ್ನು ಕೂರಿಸುವ ಜೀಪಿನಲ್ಲಿ ಓರೆಗಾಲುಗಳು ಅವರ ತಲೆಯ ಬಳಿಯೇ ಹಾಯುತ್ತವೆಂಬುದನ್ನು ಮರೆಯಬಾರದು.

ಕಾನೂನು ಮತ್ತು ಅನುಭವ

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕನು ನಿರ್ದೇಶಿಸಿದ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದುದರಿಂದ ರಸ್ತೆಯ ಮೇಲೆ ಓಡಿಸುವ ವಾಹನಕ್ಕೆ ಕಮಾನನ್ನು ಜೋಡಿಸುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಬಂಟ್ವಾಳದಲ್ಲಿಯೂ ಅಂತಹ ಕಚೇರಿಯುಂಟು. ಸ್ಪರ್ಧೆಗೆ ಇಳಿಸುವ ಕಾರಾದರೆ ದೇಶದ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್.ಎಂ.ಎಸ್.ಸಿ.ಐ.ಯ ನಿಯಮಗಳನ್ನು ಪಾಲಿಸಬೇಕು. ತಯಾರಕರೇ ಪಂಜರವನ್ನು ಕೂಡಿಸಿ ಮಾರುವ ಜೀಪುಗಳೂ ಈಗ ದೊರೆಯುತ್ತವೆ. ಸಾಧ್ಯವಿದ್ದವರಿಗೆ ಅದೇ ನೇರವಾದ ದಾರಿ.

ಇಷ್ಟೆಲ್ಲ ಶ್ರಮಕ್ಕೆ ತಕ್ಕ ಫಲವುಂಟೇ? ಫಾರ್ಮುಲಾ ಒನ್ ಓಟದ ಕಾರುಗಳಿಗೆ 1961ರಿಂದ ರಕ್ಷಾಕಮಾನನ್ನು ಕಡ್ಡಾಯ ಮಾಡಲಾಯಿತು. ಆದರೆ ಇನ್ನೂ ಸ್ಪಷ್ಟವಾದ ಸಾಕ್ಷ್ಯವು ಹೊಲಗಳಿಂದ ಬಂದಿದೆ. ಸ್ವೀಡನ್ ದೇಶವು 1959ರಲ್ಲಿ ಹೊಸ ಟ್ರಾಕ್ಟರುಗಳಿಗೆಲ್ಲ ಉರುಳುರಕ್ಷೆಯ ಚೌಕಟ್ಟನ್ನು ಕಡ್ಡಾಯ ಮಾಡಿತು. 1957ರಲ್ಲಿ ಅಲ್ಲಿ ಪ್ರತಿ ಒಂದು ಲಕ್ಷ ಟ್ರಾಕ್ಟರುಗಳಿಗೆ 17 ಮಂದಿ ಮಗುಚಿ ಸಾಯುತ್ತಿದ್ದರು. 1990ರ ವೇಳೆಗೆ ಈ ಸಂಖ್ಯೆ 0.3ಕ್ಕೆ ಇಳಿಯಿತು. ಟ್ರಾಕ್ಟರುಗಳು ಮಗುಚುವುದು ನಿಂತುಹೋಗಲಿಲ್ಲ. ಮಗುಚಿದಾಗ ಕೆಳಗಿದ್ದವನ ಪ್ರಾಣ ಉಳಿಯಿತು. ಇಳಿಜಾರಿನಲ್ಲಿ ಗದ್ದೆ ತೋಟಗಳನ್ನು ಮಾಡಿಕೊಂಡಿರುವ ನಮ್ಮ ತಾಲೂಕುಗಳ ಕೃಷಿಕರಿಗೂ ಈ ಪಾಠ ಅನ್ವಯಿಸುತ್ತದೆ.

ಅಭ್ಯಾಸಕ್ಕೆ

ವಿದ್ಯಾರ್ಥಿಗಳು ಕೆಳಗಿನ ಪ್ರಶ್ನೆಗಳನ್ನು ತಾವೇ ಬಿಡಿಸಿ ನೋಡಬೇಕೆಂದು ನಮ್ಮ ಅಪೇಕ್ಷೆ.

1. ಹೊರವ್ಯಾಸ 50 ಮಿ.ಮೀ., ದಪ್ಪ 2 ಮಿ.ಮೀ. ಇರುವ ಕೊಳವೆಯ ಕ್ಷೇತ್ರಫಲವನ್ನು ಕಂಡುಹಿಡಿಯಿರಿ. ಅದು 45 ಮಿ.ಮೀ.ನ ಕೊಳವೆಗಿಂತ ಎಷ್ಟು ಹಗುರ? ಎಷ್ಟು ಬಿಗಿ?

2. ಜೀಪಿನ ಮೇಲ್ಗಡೆ ಸಾಮಾನು ಹೇರಿದುದರಿಂದ ಗುರುತ್ವಕೇಂದ್ರವು 0.65 ಮೀಟರಿನಿಂದ 0.85 ಮೀಟರಿಗೆ ಏರಿತು. 20 ಮೀಟರ್ ತ್ರಿಜ್ಯದ ಒಣ ತಿರುವಿನಲ್ಲಿ ಅದು ಮೊದಲು ಜಾರುವುದೋ, ಮಗುಚುವುದೋ?

3. ನಿಮ್ಮ ಊರಿನಲ್ಲಿ ಕಮಾನುಳ್ಳ ಒಂದು ಜೀಪನ್ನು, ಅದರ ಒಡೆಯರ ಒಪ್ಪಿಗೆ ಪಡೆದು, ಪರಿಶೀಲಿಸಿರಿ. ಅದಕ್ಕೆ ಓರೆಗಾಲುಗಳಿವೆಯೇ? ಎಷ್ಟು ಡಿಗ್ರಿ? ಬುಡವು ಹಿಡಿದಿರುವುದು ತಗಡನ್ನೋ, ಚಾಸಿಯನ್ನೋ? ಬೋಲ್ಟುಗಳೆಷ್ಟು, ಅವುಗಳ ತಲೆಯ ಮೇಲಿನ ಅಂಕಿ ಏನು? ಕಂಡುದನ್ನು ಒಡೆಯರಿಗೆ ವಿನಯದಿಂದ ತಿಳಿಸಿರಿ.